ಸಂಗೀತ ಕೇಳಿದೆ, ಬೆನ್ನು ನೋಡಿದೆ

ನನ್ನ ಎತ್ತರ ಐದಡಿ ಒಂದಿಂಚು. ಆ ಒಂದಿಂಚನ್ನು ನಾನು ಎಲ್ಲೂ ಬಿಟ್ಟು ಹೇಳುವುದಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷದಿಂದ ಸಂಗೀತ ಕೇಳಲು ಹೋಗುತ್ತಿದ್ದೇನೆ. ಕೇಳಿದ್ದು ಎಷ್ಟೋ ಮರೆತುಹೋಗಿದೆ. ನೋಡಿದ್ದು ಮಾತ್ರ ಚೆನ್ನಾಗಿ ನೆನಪಿದೆ, ಯಾಕಂದರೆ ನೋಡಿದ್ದೆಲ್ಲ ಒಂದೇ. ಮುಂದಿನವರ ಬೆನ್ನು. ಚೆಕ್ಸ್ ಶರ್ಟಿನ ಬೆನ್ನು, ಬೆವರಿನಲ್ಲಿ ಭಾರತದ ಭೂಪಟ ಮೂಡಿದ ಬೆನ್ನು, ಕಪ್ಪು ಟೀ ಶರ್ಟಿನ ಮೇಲೆ ತಲೆಬುರುಡೆ ಹೊತ್ತ ಬೆನ್ನು. ಆ ಬುರುಡೆಯ ಕೆಳಗೆ ಬ್ಯಾಂಡಿನವರು ಯಾವ ತಾರೀಕು ಯಾವ ಊರಲ್ಲಿ ಹಾಡುತ್ತಾರೆ ಅನ್ನುವ ಪಟ್ಟಿ ಬೇರೆ ಇತ್ತು. ಎರಡು ಗಂಟೆ ಅದನ್ನೇ ಓದಿದೆ. ಬಾಯಿಪಾಠ ಆಯಿತು.

ಹೋದ ವರ್ಷ ಊರಾಚೆಯ ಒಂದು ಮೈದಾನದಲ್ಲಿ ದೊಡ್ಡ ಗಾಯಕರೊಬ್ಬರ ಕಾರ್ಯಕ್ರಮ. ಅಕ್ಕನ ಮಗ ಟಿಕೆಟ್ ಬುಕ್ ಮಾಡಿದ. ನಿಂತು ಕೇಳುವುದಕ್ಕೊಂದು ರೇಟು, ಕೂತು ಕೇಳುವುದಕ್ಕೊಂದು ರೇಟು. ನನಗೆ ಮಂಡಿನೋವು. ಅದಕ್ಕೇ ಜಾಸ್ತಿ ದುಡ್ಡು ಕೊಟ್ಟು ಕುರ್ಚಿ ಹಿಡಿದೆವು. ಕುರ್ಚಿಗೆ ನಂಬರ್ ಕೂಡ ಇತ್ತು. ಹೋಗಿ ಕೂತೆ. ಗಾಯಕರು ಬಂದು ‘ನಮಸ್ಕಾರ ಬೆಂಗಳೂರು’ ಅಂದರು. ಅಷ್ಟೇ. ಮೊದಲ ಸಾಲು ಎದ್ದಿತು. ಅವರು ಎದ್ದರಲ್ಲ ಅಂತ ಎರಡನೇ ಸಾಲು ಎದ್ದಿತು. ಮೂರನೇ ಸಾಲಿನವರಿಗೆ ಎದ್ದರೂ ಕಾಣಿಸಲಿಲ್ಲ, ಕುರ್ಚಿ ಹತ್ತಿದರು. ಐದೇ ನಿಮಿಷದಲ್ಲಿ ಇಡೀ ಮೈದಾನ ನಿಂತಿತ್ತು. ಕೂತಿದ್ದಾಗ ಎಲ್ಲರಿಗೂ ಎಷ್ಟು ಕಾಣುತ್ತಿತ್ತೋ ಈಗಲೂ ಅಷ್ಟೇ ಕಾಣುತ್ತಿತ್ತು. ನನ್ನ ನಂಬರಿನ ಕುರ್ಚಿ ಬ್ಯಾಗ್ ಇಡಲು ಬಂತು.

“ಮಾಮ, ನೀವೂ ಎದ್ದು ನಿಂತ್ಕೊಳ್ಳಿ, ಚೆನ್ನಾಗಿ ಕಾಣ್ಸುತ್ತೆ” ಅಂದ ಅಕ್ಕನ ಮಗ.

ನಾನು ನಿಂತೇ ಇದ್ದೆ.

ಮುಂದಿದ್ದ ಹುಡುಗ ಪುಣ್ಯಾತ್ಮ. ಎರಡೂ ಕೈ ಮೇಲೆತ್ತಿ ಹಾಡನ್ನೆಲ್ಲ ಫೋನಿಗೆ ತುಂಬಿಸಿಕೊಳ್ಳುತ್ತಿದ್ದ. ಅವನ ಫೋನಿನೊಳಗೆ ನನಗೆ ಸ್ಟೇಜ್ ಕಂಡಿತು. ಗಾಯಕರು ಹೆಬ್ಬೆರಳಿನಷ್ಟಿದ್ದರು. ನನಗಿಂತ ಗಿಡ್ಡ ಇರುವವರನ್ನು ನೋಡಿ ಸ್ವಲ್ಪ ಸಮಾಧಾನವೂ ಆಯಿತು. ಒಂಬತ್ತು ಗಂಟೆಗೆ ಅವನ ಬ್ಯಾಟರಿ ಮುಗಿಯಿತು. ನನ್ನ ಕಾರ್ಯಕ್ರಮವೂ ಅಲ್ಲಿಗೆ ಮುಗಿಯಿತು.

ಆಗ ಧೈರ್ಯ ಮಾಡಿ ಅವನ ಭುಜ ತಟ್ಟಿ, ಸ್ವಲ್ಪ ಕೂತ್ಕೊಳ್ತೀರಾ ಅಂದೆ. “ಮುಂದಿನವರನ್ನು ಕೂರಿಸಿ ಸರ್, ನಾವೂ ಕೂರ್ತೀವಿ” ಅಂದ. ನ್ಯಾಯವೇ. ಮುಂದಿನ ಸಾಲಿಗೆ ಹೋದೆ. ಅಲ್ಲೂ ಅದೇ ಉತ್ತರ. ಅದರ ಮುಂದಿನ ಸಾಲಿಗೆ ಹೋದೆ. ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಹಿಡಿದು ಟೇಬಲ್ಲಿಂದ ಟೇಬಲ್ಲಿಗೆ ಹೋದ ಅನುಭವ ಇತ್ತು, ಹಾಗಾಗಿ ಬೇಜಾರಾಗಲಿಲ್ಲ. ಕೊನೆಗೆ ಮೊದಲ ಸಾಲು ಮುಟ್ಟಿದೆ. ಅಲ್ಲಿ ಒಬ್ಬ ಹಿರಿಯರು ನಿಂತಿದ್ದರು. “ನಿಮ್ಮ ಮುಂದೆ ಯಾರೂ ಇಲ್ಲವಲ್ಲ ಸರ್, ನೀವ್ಯಾಕೆ ನಿಂತಿದ್ದೀರಿ?” ಅಂತ ಕೇಳಿದೆ.

“ಹಿಂದೆ ಅಷ್ಟೊಂದು ಜನ ನಿಂತಿದ್ದಾರೆ, ನಾನೊಬ್ಬನೇ ಕೂತರೆ ಚೆನ್ನಾಗಿರಲ್ಲ ಅಲ್ವಾ?” ಅಂದರು.

ನಿಲ್ಲುವವರ ಮೇಲೆ ನನಗೆ ದ್ವೇಷ ಇಲ್ಲ. ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅನ್ನುವ ಬ್ಯಾಂಡಿನವರು ಬಂದಾಗ ಜನ ಚಾಪೆ ಹಾಸಿ ಕೂತು ತೊಡೆ ಮೇಲೆ ತಾಳ ಹಾಕಬೇಕು ಅಂತ ನಾನು ಹೇಳುವುದಿಲ್ಲ. ಅದು ನಿಂತು, ಕುಣಿದು, ತಲೆ ಕೊಡವಿ ಕೇಳುವ ಸಂಗೀತ. 2025ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಚರ್ಚ್ ಸ್ಟ್ರೀಟಿನ ಫುಟ್‌ಪಾತ್ ಮೇಲೆ ಗಿಟಾರ್ ಹಿಡಿದು ಹಾಡಲು ಶುರು ಮಾಡಿದ್ದು ನೆನಪಿರಬಹುದು. ಟಿಕೆಟ್ ಇಲ್ಲ, ಕುರ್ಚಿ ಇಲ್ಲ, ಸಾಲಿಲ್ಲ. ಹಾಡುವವರೂ ನಿಂತಿದ್ದರು, ಕೇಳುವವರೂ ನಿಂತಿದ್ದರು. ಈ ಊರಿನಲ್ಲಿ ನಾನು ಕಂಡ ಅತ್ಯಂತ ಸಮಾನತೆಯ ಕಛೇರಿ. ಪೊಲೀಸರು ಬಂದು ವೈರ್ ಕಿತ್ತರು. (ಕಂಡೆ ಅಂದರೆ ವಿಡಿಯೋದಲ್ಲಿ. ಅಲ್ಲಿಗೆ ಹೋಗಿದ್ದರೆ ಕಾಣುತ್ತಿರಲಿಲ್ಲ.)

ನನ್ನ ತಕರಾರು ಇಷ್ಟೇ. ನಿಲ್ಲಿಸುವುದಾದರೆ ಕುರ್ಚಿಯ ದುಡ್ಡು ಯಾಕೆ ತಗೋತೀರಿ? ನಮ್ಮ ಅಜ್ಜಿ ಕಾಲದ ಟೆಂಟ್ ಸಿನಿಮಾದವರಿಗೂ ಈ ಲೆಕ್ಕ ಗೊತ್ತಿತ್ತು. ನೆಲ, ಬೆಂಚು, ಕುರ್ಚಿ. ಕಡಿಮೆ ದುಡ್ಡಿನ ನೆಲದವರು ಎಲ್ಲರಿಗಿಂತ ಮುಂದೆ. ಅವರ ಹಿಂದೆ ಬೆಂಚು. ಜಾಸ್ತಿ ದುಡ್ಡಿನ ಕುರ್ಚಿ ಎಲ್ಲಕ್ಕಿಂತ ಹಿಂದೆ. ಯಾರ ತಲೆಯೂ ಯಾರಿಗೂ ಅಡ್ಡ ಬರುತ್ತಿರಲಿಲ್ಲ. ಮಧ್ಯೆ ಒಬ್ಬ ಎದ್ದರೆ ‘ಏಯ್, ಕೂತ್ಕೊಳ್ಳೋ’ ಅಂತ ಹತ್ತು ಬಾಯಿ ಒಟ್ಟಿಗೆ ಕೂಗುತ್ತಿದ್ದವು. ಎದ್ದವನು ಕೂರುತ್ತಿದ್ದ, ಯಾಕಂದರೆ ಕೂಗಿದವರಲ್ಲಿ ಒಬ್ಬರಾದರೂ ಅವನ ಮಾವನೋ ಚಿಕ್ಕಪ್ಪನೋ ಆಗಿರುತ್ತಿದ್ದರು. ಆ ಟೆಂಟಿನ ಮಾಲೀಕ ಯಾವ ಇಂಜಿನಿಯರಿಂಗ್ ಕಾಲೇಜಿಗೂ ಹೋದವನಲ್ಲ.

ಇಂಜಿನಿಯರಿಂಗ್ ಕಾಲೇಜಿಗೆ ಹೋದ ನಾವು ಅದನ್ನು ತಿರುಗಿಸಿ ಇಟ್ಟೆವು. ಎಲ್ಲಕ್ಕಿಂತ ಮುಂದೆ ಈಗ ಸೋಫಾ.

ಸೋಫಾ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದಕ್ಕೆ ಬಿಳಿ ಬಟ್ಟೆಯ ಹೊದಿಕೆ. ಮುಂದೆ ಟೀಪಾಯಿ, ಟೀಪಾಯಿ ಮೇಲೆ ನೀರಿನ ಬಾಟಲಿ, ಒಂದು ತಟ್ಟೆ ಗೋಡಂಬಿ. ‘ಗಣ್ಯರಿಗೆ ಮಾತ್ರ’ ಅಂತ ಚೀಟಿ. ಕಾರ್ಯಕ್ರಮ ಆರೂವರೆಗೆ. ಗಣ್ಯರು ಬರುವುದು ಎಂಟಕ್ಕೆ. ಅವರು ಬಂದಾಗ ನಾವೆಲ್ಲ ಏಳಬೇಕು. ಹಾಡುತ್ತಿದ್ದವರು ಚರಣದ ಮಧ್ಯೆ ನಿಲ್ಲಿಸಿ ಕೈಮುಗಿಯಬೇಕು. ಆಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಫೋಟೋ. ‘ನನಗೆ ಸಂಗೀತದ ಗಂಧಗಾಳಿ ಇಲ್ಲ’ ಅಂತ ಶುರು ಮಾಡಿ, ಅದನ್ನು ಸಾಬೀತು ಮಾಡಲು ಇಪ್ಪತ್ತು ನಿಮಿಷದ ಭಾಷಣ. ನಂತರ ತುರ್ತು ಕೆಲಸದ ಮೇಲೆ ಹೊರಡುತ್ತಾರೆ. ಅವರ ಜೊತೆಗೆ ಮುಂದಿನ ಮೂರು ಸಾಲೂ ಹೊರಡುತ್ತದೆ. ಈಗ ಸೋಫಾ ಖಾಲಿ. ಗೋಡೆ ಪಕ್ಕದಲ್ಲಿ ನಿಂತ ಜನ ಅದನ್ನು ನೋಡುತ್ತಾರೆ. ಕೂರುವ ಹಾಗಿಲ್ಲ. ಬ್ಯಾಡ್ಜ್ ಹಾಕಿದ ಸ್ವಯಂಸೇವಕ ಕಾವಲಿದ್ದಾನೆ. “ಅವರು ಹೋದರಲ್ಲಪ್ಪ” ಅಂದೆ ಒಂದು ಸಲ. “ವಾಪಸ್ ಬಂದ್ರೆ ಸರ್?” ಅಂದ. ಗಣ್ಯರು ಸಂಗೀತ ಕೇಳಲು ವಾಪಸ್ ಬರುತ್ತಾರೆ ಅಂತ ನಂಬಿದ ಆ ಹುಡುಗನನ್ನು ನೋಡಿ ಕಣ್ಣು ತುಂಬಿ ಬಂತು. ಗೋಡಂಬಿ ಮಾತ್ರ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿರಲಿಲ್ಲ. ಯಾರೋ ಸಂಗೀತ ಪ್ರೇಮಿಗಳ ಕೆಲಸ ಇರಬೇಕು.

ಸರ್ಕಾರ ನಮ್ಮ ಮಂಡಿಯ ಕಷ್ಟ ಕೇಳಿಸಿಕೊಂಡದ್ದು ನನಗೆ ಗೊತ್ತಿರುವ ಹಾಗೆ ಒಂದೇ ಸಲ. ನಾಡಗೀತೆಗೆ ಎಲ್ಲರೂ ಎದ್ದು ನಿಲ್ಲಬೇಕು, ನಿಲ್ಲುತ್ತೇವೆ. ಆದರೆ ಒಂದೊಂದು ಕಡೆ ಒಂದೊಂದು ಧಾಟಿ, ಒಂದೊಂದು ಅಳತೆ. ಹಾಡುವವರಿಗೆ ಹುಮ್ಮಸ್ಸು ಬಂದರೆ ಒಂದೇ ಸಾಲು ಮತ್ತೆ ಮತ್ತೆ. ವಯಸ್ಸಾದವರು ಮುಂದಿನ ಕುರ್ಚಿ ಹಿಡಿದುಕೊಂಡು ನಿಂತಿರುತ್ತಿದ್ದರು. ಕೊನೆಗೆ 2022ರಲ್ಲಿ ಆದೇಶ ಬಂತು. ಮೈಸೂರು ಅನಂತಸ್ವಾಮಿ ಅವರ ಧಾಟಿ, ಆಲಾಪ ಇಲ್ಲ, ಪುನರಾವರ್ತನೆ ಇಲ್ಲ, 2 ನಿಮಿಷ 30 ಸೆಕೆಂಡು. ಭಾಷಣಕ್ಕೂ ಇಂಥದ್ದೊಂದು ಆದೇಶ ಬರುತ್ತದೆ ಅಂತ ಇನ್ನೂ ಕಾಯುತ್ತಿದ್ದೇನೆ. ಆಲಾಪ ಇಲ್ಲದೆ, ಪುನರಾವರ್ತನೆ ಇಲ್ಲದೆ.

ಹೊರದೇಶದವರು ಇದರಲ್ಲೂ ನಮಗಿಂತ ಮುಂದೆ ಅಂತ ಅಕ್ಕನ ಮಗ ಹೇಳುತ್ತಿರುತ್ತಾನೆ. 1742ರಲ್ಲಿ ಡಬ್ಲಿನ್ನಿನಲ್ಲಿ ಹ್ಯಾಂಡೆಲ್ ಅನ್ನುವ ಸಂಗೀತ ರಚನೆಕಾರರ ಹೊಸ ಕೃತಿಯ ಮೊದಲ ಪ್ರದರ್ಶನಕ್ಕೆ ಜನ ಜಾಸ್ತಿ ಆಗುತ್ತಾರೆ ಅಂತ ಮೊದಲೇ ಗೊತ್ತಾಗಿ ಪ್ರಕಟಣೆ ಕೊಟ್ಟರಂತೆ. ಹೆಂಗಸರು ಒಳಗೆ ದೊಡ್ಡ ಬಳೆಯಂಥ ಚೌಕಟ್ಟು ಕಟ್ಟಿ ಅಗಲ ಮಾಡಿದ ಲಂಗ ತೊಡದೆ ಬನ್ನಿ, ಗಂಡಸರು ಕತ್ತಿ ಬಿಟ್ಟು ಬನ್ನಿ, ಇನ್ನಷ್ಟು ಜನರಿಗೆ ಜಾಗ ಆಗುತ್ತದೆ ಅಂತ. ನಮ್ಮಲ್ಲಿ ಕತ್ತಿ ಬಿಟ್ಟು ಬರುವವರು ಸಿಗಬಹುದು, ಫೋನ್ ಬಿಟ್ಟು ಬರುವವರು ಸಿಗಲಾರರು. ವಿಯೆನ್ನಾದ ಸ್ಟೇಟ್ ಒಪೆರಾದಲ್ಲಿ ನಿಂತು ಕೇಳುವವರಿಗೆ ಅಂತಲೇ ಕಂಬಿ ಹಾಕಿದ ಜಾಗ ಇದೆ, ಟಿಕೆಟ್ಟೂ ಅಗ್ಗ. ಜಾಗ ಹಿಡಿದವರು ಕಂಬಿಗೆ ಮಫ್ಲರ್ ಕಟ್ಟಿ ಹೋಗುತ್ತಾರೆ. ಇದನ್ನು ಕೇಳಿ ನನಗೇನೂ ಹೊಸದು ಅನ್ನಿಸಲಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಲ್ಲಿ ಟವೆಲ್ ತೂರಿಸಿದವನು ನಾನು. ಅವರು ನಿಲ್ಲುವ ಜಾಗಕ್ಕೆ ಟವೆಲ್ ಹಾಕುತ್ತಾರೆ ಅನ್ನುವುದೊಂದೇ ವಿಚಿತ್ರ.

ಶಾಸ್ತ್ರೀಯ ಸಂಗೀತದವರು ಸಭ್ಯಸ್ಥರು, ಕೂತೇ ಕೇಳುತ್ತಾರೆ ಅಂತ ನೀವು ಅಂದುಕೊಂಡಿದ್ದರೆ ತನಿ ಆವರ್ತನದ ತನಕ, ಅಂದರೆ ಹಾಡು ನಿಂತು ಮೃದಂಗ, ಘಟದವರು ಮಾತ್ರ ನುಡಿಸುವ ಹೊತ್ತಿನ ತನಕ ಕಾಯಿರಿ. ಮೃದಂಗದವರು ಎರಡು ಗಂಟೆ ಇನ್ನೊಬ್ಬರಿಗೆ ನುಡಿಸಿರುತ್ತಾರೆ. ಕೊನೆಗೆ ಅವರ ಸರದಿ ಬರುತ್ತದೆ. ಮೊದಲ ಪೆಟ್ಟು ಬಿದ್ದ ಕೂಡಲೇ ಅರ್ಧ ಸಭೆ ಎದ್ದು ಕಾಫಿಗೆ ಹೋಗುತ್ತದೆ. ತನಿ ಅಂದರೆ ಮೃದಂಗದವರನ್ನು ಒಂಟಿಯಾಗಿ ಬಿಟ್ಟು ಹೋಗುವುದು ಅಂತ ಅರ್ಥ ಮಾಡಿಕೊಂಡಿದ್ದಾರೋ ಏನೋ. ಮಂಗಳಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆಯುವವರೂ ಇದ್ದಾರೆ. ಹೇಗೂ ಪಾರ್ಕಿಂಗ್ ಕಡೆ ಹೊರಟಿರುತ್ತಾರೆ, ಕೈ ಖಾಲಿ ಇರುತ್ತದೆ, ಹೊಡೆಯುತ್ತಾರೆ.

ಕಾಫಿಗೆ ಹೋಗುವ ಪಾಪಿಗಳಲ್ಲಿ ನಾನೂ ಒಬ್ಬ. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿ. 1939ರಲ್ಲಿ ಶುರುವಾದ ಸಂಗೀತೋತ್ಸವ ಅದು, ನಾನು ಹುಡುಗನಾಗಿದ್ದಾಗಿಂದ ಹೋಗುತ್ತಿದ್ದೇನೆ. ತನಿ ಶುರುವಾಯಿತು. ಮಂಡಿ ಗಟ್ಟಿ ಇದ್ದವರೆಲ್ಲ ಆಗಲೇ ಕಾಫಿ ಕ್ಯೂ ಸೇರಿದ್ದರು. ನಾನು ಕುರ್ಚಿಯ ಕೈ ಹಿಡಿದು, ನಿಧಾನಕ್ಕೆ ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದೆ.

“ಕೂತ್ಕೊಳ್ಳಿ, ಕಾಣ್ಸಲ್ಲ!” ಅಂತ ಹಿಂದಿನಿಂದ ಕೇಳಿಸಿತು.

ಬೇರೆ ಯಾರಿಗೋ ಅಂದುಕೊಂಡೆ. ಆ ಕಡೆ ಈ ಕಡೆ ನೋಡಿದೆ. ನಿಂತಿದ್ದವನು ನಾನೊಬ್ಬನೇ. ಐವತ್ತೆರಡು ವರ್ಷದಲ್ಲಿ ನಾನು ಯಾರ ಕಣ್ಣಿಗಾದರೂ ಅಡ್ಡ ಬಂದದ್ದು ಅದೇ ಮೊದಲು. ತಿರುಗಿದೆ. ಅಜ್ಜಿಯ ಪಕ್ಕ ಐದಾರು ವರ್ಷದ ಹುಡುಗ, ಘಟ ನೋಡಲು ಕತ್ತು ಉದ್ದ ಮಾಡಿಕೊಂಡು ಕೂತಿದ್ದ.

“ಅಂಕಲ್, ನೀವು ಅಡ್ಡ ಇದ್ದೀರಾ” ಅಂದ.

“ಒಂದೇ ನಿಮಿಷ ಮರಿ” ಅಂದೆ. ಶರ್ಟ್ ಸರಿ ಮಾಡಿಕೊಂಡೆ. ಎದೆ ಸೆಟೆಸಿದೆ. ತನಿ ಮುಗಿಯುವವರೆಗೂ ನಿಂತೇ ಇದ್ದೆ.