ಕೊನೆಯ ತಿಂಗಳು ನೀನು ಪಾಠ ಮಾಡಬೇಡ

ನನ್ನ ಅಕ್ಕನ ಮಗಳು ಟಾಂಜಾನಿಯಾದಲ್ಲಿದ್ದಾಳೆ. ಕಿಲಿಮಂಜಾರೊ ಬೆಟ್ಟದ ತಪ್ಪಲಿನ ಮೋಶಿ ಪಟ್ಟಣದ ಹತ್ತಿರ, ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಂಬಳವಿಲ್ಲದೆ ಗಣಿತ ಕಲಿಸುತ್ತಿದ್ದಾಳೆ. ಅಲ್ಲಿ ಶಾಲೆಯ ವರ್ಷ ಶುರುವಾಗುವುದು ಜನವರಿಗೆ, ಮುಗಿಯುವುದು ಡಿಸೆಂಬರ್‌ಗೆ. ಹಾಗಾಗಿ ಅವಳೂ ಈಗ ಗಂಟುಮೂಟೆ ಕಟ್ಟುತ್ತಿದ್ದಾಳೆ. ಇತ್ತ ರಾಜಾಜಿನಗರದಲ್ಲಿ ಅಕ್ಕ ಆಗಲೇ ಅವಳ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ.

ಮೊನ್ನೆ ಫೋನ್ ಮಾಡಿದಾಗ ಹುಡುಗಿ ಗಡಿಬಿಡಿಯಲ್ಲಿದ್ದಳು. "ಚಿಕ್ಕಮ್ಮ, ಪಾಠ ಇನ್ನೂ ಉಳಿದಿವೆ. ಬೆಳಿಗ್ಗೆ ಸಂಜೆ ಸ್ಪೆಷಲ್ ಕ್ಲಾಸ್ ತಗೊಂಡು ಮುಗಿಸಿಬಿಡ್ತೀನಿ" ಅಂದಳು. ನಾನು ಬೇಡ ಅಂದೆ. ಸೀಮೆಸುಣ್ಣ ಅಲ್ಲಿನ ಮೇಷ್ಟ್ರ ಕೈಗೆ ಕೊಟ್ಟು ನೀನು ಹಿಂದಿನ ಬೆಂಚಿನಲ್ಲಿ ಕೂತ್ಕೋ ಅಂದೆ. ಅವಳಿಗೆ ಬೇಜಾರಾಯಿತು. ಫೋನಿನಲ್ಲಿ ಹೇಳಿದ್ದು ಸಾಲದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ. ಹೀಗೆ ಹೊರದೇಶಕ್ಕೆ ಕಲಿಸಲು ಹೋದ ನಮ್ಮವರು ಇನ್ನೂ ಇರಬಹುದು, ಅವರೂ ಓದಲಿ.

ನಾನು ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಮ್ಮಲ್ಲಿಗೂ ಸ್ವಯಂಸೇವಕರು ಬರುತ್ತಿದ್ದರು. ಬಹಳ ಒಳ್ಳೆಯ ಹುಡುಗ ಹುಡುಗಿಯರು. ಬಣ್ಣದ ಚಾರ್ಟು, ಹಾಡು, ಆಟ. ಕೊನೆಯ ಶನಿವಾರ ಅಳು, ಫೋಟೊ, ಚಾಕೊಲೇಟು. ಸೋಮವಾರ ಅದೇ ಕ್ಲಾಸಿಗೆ ಹೋಗುವವಳು ನಾನು. "ಅಕ್ಕ ಮತ್ತೆ ಯಾವಾಗ ಬರ್ತಾರೆ ಮಿಸ್?" ಅಂತ ಒಂದು ಬೆಂಚು. "ಅಕ್ಕ ಹೇಳಿಕೊಟ್ಟ ಥರಾನೇ ಹೇಳಿಕೊಡಿ ಮಿಸ್" ಅಂತ ಇನ್ನೊಂದು. ಅಕ್ಕ ಹೇಗೆ ಹೇಳಿಕೊಟ್ಟಳು ಅನ್ನುವುದೇ ನನಗೆ ಗೊತ್ತಿರುತ್ತಿರಲಿಲ್ಲ. ಅವಳು ಪಾಠ ಮಾಡುವಾಗ ನನ್ನನ್ನು ಬಿಸಿಯೂಟದ ಲೆಕ್ಕಕ್ಕೋ ಮಕ್ಕಳ ವಿವರಗಳನ್ನು ಸರ್ಕಾರದ ಕಂಪ್ಯೂಟರ್‌ಗೆ ತುಂಬುವ ಸ್ಯಾಟ್ಸ್ ಎಂಟ್ರಿಗೋ ಕೂರಿಸಿರುತ್ತಿದ್ದರು. ಅವಳು ಹೋದಮೇಲೆ ಅವಳ ವಿಧಾನವೂ ಹೋಯಿತು. ಮಕ್ಕಳ ಕಣ್ಣಲ್ಲಿ ನಾನು ಒಂದು ಮೆಟ್ಟಿಲು ಕೆಳಗಿಳಿದಿದ್ದೆ, ಅಷ್ಟೇ.

ಟಾಂಜಾನಿಯಾದಲ್ಲಿ ಈ ಮಾತಿಗೆ ಇನ್ನೊಂದು ಕಾರಣವೂ ಇದೆ. ಜೂಲಿಯಸ್ ನೈರೆರೆ ಅಧ್ಯಕ್ಷರಾಗಿದ್ದಾಗ, 1967ರಲ್ಲಿ, ಪ್ರಾಥಮಿಕ ಶಾಲೆಯ ಪಾಠ ಅಲ್ಲಿನ ಜನರ ಭಾಷೆಯಾದ ಸ್ವಾಹಿಲಿಗೆ ಬಂತು. ನೈರೆರೆಯವರೂ ಮೊದಲು ಮೇಷ್ಟ್ರಾಗಿದ್ದವರೇ. ಆದರೆ ಪ್ರೌಢಶಾಲೆ ಇಂಗ್ಲಿಷಿನಲ್ಲೇ ಉಳಿಯಿತು. ಇವತ್ತಿಗೂ ಸರ್ಕಾರಿ ಶಾಲೆಯ ಮಗು ಏಳು ವರ್ಷ ಸ್ವಾಹಿಲಿಯಲ್ಲಿ ಕಲಿತು, ಫಾರಂ ಒಂದಕ್ಕೆ, ಅಂದರೆ ಪ್ರೌಢಶಾಲೆಯ ಮೊದಲ ತರಗತಿಗೆ, ಕಾಲಿಟ್ಟ ದಿನವೇ ಗಣಿತ, ವಿಜ್ಞಾನ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕು. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, 625ಕ್ಕೆ 580 ತೆಗೆದ ಹುಡುಗಿ ಪಿಯುಸಿ ಸೈನ್ಸ್‌ನ ಮೊದಲ ಟೆಸ್ಟಿನಲ್ಲಿ ತತ್ತರಿಸುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಮ್ಮ ಹುಡುಗಿಯೇ ಹೇಳಿದ ಸಂಗತಿ ಇದು. ಋಣಸಂಖ್ಯೆಗಳ ಪಾಠವನ್ನು ಅವಳು ಚೆನ್ನಾಗಿಯೇ ಮಾಡಿದ್ದಳು. ಸಂಖ್ಯಾರೇಖೆ ಎಳೆದು, ನಿಧಾನವಾದ ಇಂಗ್ಲಿಷಿನಲ್ಲಿ. ಅರ್ಥವಾಯಿತಾ ಅಂದರೆ "ಯೆಸ್ ಮೇಡಂ" ಅಂತ ಇಡೀ ಕ್ಲಾಸು ಒಂದೇ ದನಿಯಲ್ಲಿ. ಇನ್ನೊಂದು ದಿನ ಪರ್ಮಿಟ್ಟಿನ ಕೆಲಸಕ್ಕೆ ಪೇಟೆಗೆ ಹೋಗಿ ಬರುವಷ್ಟರಲ್ಲಿ ಅಲ್ಲಿನ ಮೇಷ್ಟ್ರು ಅದೇ ಪಾಠ ಹಿಡಿದಿದ್ದರು. ಒಬ್ಬ ಹುಡುಗ ಅಂಗಡಿಯವನು, ಇನ್ನೊಬ್ಬ ಗಿರಾಕಿ. ಎರಡು ಸಾವಿರ ಶಿಲ್ಲಿಂಗಿನ ಜೋಳದ ಹಿಟ್ಟು ಸಾಲಕ್ಕೆ ಹೋಯಿತು. ಐನೂರು ವಾಪಸ್ ಬಂತು. ಈಗ ಲೆಕ್ಕ ಎಷ್ಟು? ಎಂದೂ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತು ಅಂಗಡಿಯವನ ಜೊತೆ ಜಗಳಕ್ಕೇ ಇಳಿದನಂತೆ, ಸ್ವಾಹಿಲಿಯಲ್ಲಿ. ಜಗಳ ಮುಗಿದ ಮೇಲೆ ಮೇಷ್ಟ್ರು ಅದನ್ನೇ ಇಂಗ್ಲಿಷಿನಲ್ಲಿ ಬರೆಸಿದರು. ಎಲ್ಲರೂ ಬರೆದರು.

ಇದನ್ನು ನಮ್ಮ ಹುಡುಗಿ ಎಷ್ಟು ವರ್ಷ ಇದ್ದರೂ ಮಾಡಲಾರಳು. ಅವಳಿಗಿರುವುದು ಬೇರೆ ಶಕ್ತಿ. ಯಾವ ಮಗು ಎಲ್ಲಿ ಸಿಕ್ಕಿಕೊಂಡಿದೆ ಅಂತ ಒಂದು ನೋಟ್‌ಬುಕ್ ತುಂಬ ಬರೆದಿಟ್ಟಿದ್ದಾಳೆ. ಅಷ್ಟೊಂದು ಕ್ಲಾಸು ಹೊತ್ತಿರುವ ಮೇಷ್ಟ್ರಿಗೆ ಅದಕ್ಕೆಲ್ಲ ಪುರುಸೊತ್ತಿಲ್ಲ. ಈ ಕೊನೆಯ ತಿಂಗಳು ದಿನಾ ಸಂಜೆ ಆ ಪುಸ್ತಕ ಮಧ್ಯೆ ಇಟ್ಟುಕೊಂಡು ಇಬ್ಬರೂ ಕೂರಬೇಕು. ಅವರು ಪಾಠ ಮಾಡಲಿ, ಇವಳು ಮಕ್ಕಳ ಲೆಕ್ಕ ತಿದ್ದಲಿ. ಪಾಠ ಎರಡು ಉಳಿದರೆ ಉಳಿಯಲಿ, ಜನವರಿಯಲ್ಲಿ ಅವರು ಮಾಡುತ್ತಾರೆ.

ಇನ್ನು ಬೀಳ್ಕೊಡುಗೆ. "ಮತ್ತೆ ಬರ್ತೀನಿ" ಅಂತ ಮಕ್ಕಳಿಗೆ ಮಾತು ಕೊಡಬೇಡ ಕಂದಾ. ಟಿಕೆಟ್ ಕೈಯಲ್ಲಿದ್ದರೆ ಮಾತ್ರ ಹೇಳು. ಅವರು ಕಾಯುತ್ತಾರೆ, ನಾನು ನೋಡಿದ್ದೇನೆ. ಒಂದು ಮಗುವಿನ ಖರ್ಚು ನಾನೇ ನೋಡ್ಕೋತೀನಿ ಅನ್ನುವುದೂ ಬೇಡ. 2016ರಿಂದ ಅಲ್ಲಿ ಫಾರಂ ನಾಲ್ಕರವರೆಗೆ ಸರ್ಕಾರಿ ಶಾಲೆಗೆ ಫೀಸಿಲ್ಲ, ಆದರೂ ಸಮವಸ್ತ್ರ, ಪುಸ್ತಕಕ್ಕೆ ಮನೆಯವರು ಪರದಾಡುತ್ತಾರೆ ನಿಜ. ಕೊಡುವುದಿದ್ದರೆ ಶಾಲೆಯ ಮೂಲಕ, ಎಲ್ಲರಿಗೂ ಆಗುವಂತೆ ಕೊಡು. ಮಕ್ಕಳ ಮುಖದ ಫೋಟೊ ಮಾತ್ರ ಇಲ್ಲಿ ಹಾಕಬೇಡ.

ಬೆಂಗಳೂರಿನ ನೆಂಟರಿಗೂ ಒಂದು ಮಾತು. ಅವಳು ಬಂದ ದಿನವೇ ಸಫಾರಿಗೆ ಹೋದ್ಯಾ, ಕೆಲಸ ಯಾವಾಗ, ಮದುವೆ ಯಾವಾಗ ಅಂತ ಮುತ್ತಿಕೊಳ್ಳಬೇಡಿ. ಸುಮ್ನೆ ಅನ್ನ ಸಾರು ಹಾಕಿ. ಆ ಮೇಷ್ಟ್ರ ಬಗ್ಗೆ ಕೇಳಿ, ಮಕ್ಕಳ ಬಗ್ಗೆ ಕೇಳಿ. ಗಂಟೆಗಟ್ಟಲೆ ಹೇಳುತ್ತಾಳೆ.

ಬಂದಮೇಲೆ ಇಲ್ಲೂ ಕಲಿಸುವ ಆಸೆ ಅವಳಿಗಿದೆ. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಶಾಲೆಗಳಲ್ಲಿ ಎಸ್‌ಎಸ್‌ಎಲ್‌ಸಿ ಬಿಟ್ಟರೆ ಬೇರೆ ಉಸಿರಿಲ್ಲ, ಆಗ ಹೊಸಬರು ಹೋಗಬಾರದು. ಜೂನ್ ಒಳ್ಳೆಯದು. ಪೀಣ್ಯದ ಕಡೆಯ ಶಾಲೆಗಳಲ್ಲಿ ರಾಯಚೂರು, ಕಲಬುರಗಿಯಿಂದ ಬಂದವರ ಮಕ್ಕಳೂ ಇದ್ದಾರೆ, ಬಿಹಾರ, ಒಡಿಶಾದವರ ಮಕ್ಕಳೂ ಇದ್ದಾರೆ. ಮನೆಯ ಭಾಷೆ ಒಂದು, ಪಾಠದ ಭಾಷೆ ಒಂದು. ಅಲ್ಲಿ ಅವಳು ಮೊದಲ ದಿನದಿಂದಲೇ ಹಿಂದಿನ ಬೆಂಚಿನಲ್ಲಿ ಕೂರಲು ತಯಾರಿದ್ದಾಳೆ. ಪೀಣ್ಯ, ದಾಸರಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಯ ಗಣಿತದ ಮೇಷ್ಟ್ರು, ಮಿಸ್ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನ್ನ ಇನ್‌ಬಾಕ್ಸಿಗೆ ಬರೆಯಿರಿ. ಮುಖ್ಯೋಪಾಧ್ಯಾಯರ ಹತ್ತಿರ ನಾನೇ ಬಂದು ಮಾತಾಡುತ್ತೇನೆ.