'ನಮ್ಮವನಲ್ಲ' ಅಂದರೆ ಯಾರವನಲ್ಲ?

ಕ್ರೈಸ್ತರ ಒಗ್ಗಟ್ಟಿನ ಮಾತು ಬಂದಾಗಲೆಲ್ಲ ಬೈಬಲಿನ ಯೋಹಾನ 17:21 ಕೇಳಿಬರುತ್ತದೆ. ಅವರೆಲ್ಲರೂ ಒಂದಾಗಿರಲಿ ಎಂಬ ಯೇಸುವಿನ ಪ್ರಾರ್ಥನೆ ಅದು. ನನ್ನನ್ನು ಜಾಸ್ತಿ ಕಾಡುವುದು ಮಾತ್ರ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ.

ಯಾರೋ ಒಬ್ಬ ಯೇಸುವಿನ ಹೆಸರು ಹೇಳಿ ದೆವ್ವ ಬಿಡಿಸುತ್ತಿರುತ್ತಾನೆ. ಶಿಷ್ಯ ಯೋಹಾನ ಬಂದು, ಅವನನ್ನು ತಡೆದೆವು ಎನ್ನುತ್ತಾನೆ. ಯಾಕಂತೆ? ಅವನು ನಮ್ಮನ್ನು ಹಿಂಬಾಲಿಸುವವನಲ್ಲ. ನಿನ್ನನ್ನು ಅಲ್ಲ, ನಮ್ಮನ್ನು! ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂಚೆ ಶಿಷ್ಯರು ಒಬ್ಬ ಹುಡುಗನ ದೆವ್ವ ಬಿಡಿಸಲಾಗದೆ ಸೋತಿದ್ದರು. ತಮ್ಮವರ ಕೈಲಾಗದ್ದನ್ನು ಹೊರಗಿನವನು ಮಾಡಿದ್ದು ಚುಚ್ಚಿತೇನೋ. ಯೇಸು ಹೇಳಿದ್ದು, ತಡೆಯಬೇಡಿ, ನಮಗೆ ವಿರೋಧಿಯಲ್ಲದವನು ನಮ್ಮ ಕಡೆಯವನೇ.

ಮತ್ತಾಯ 12:30ರಲ್ಲಿ ಇದರ ಉಲ್ಟಾ ಇದೆಯಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ನನ್ನ ಜೊತೆ ಇಲ್ಲದವನು ನನಗೆ ವಿರೋಧಿ. ಸರಿ. ಆದರೆ ಅಲ್ಲಿರುವುದು 'ನನ್ನ', ಇಲ್ಲಿರುವುದು 'ನಮ್ಮ'. ಯೇಸುವಿನ 'ನನ್ನ' ಎಂಬ ಮಾತನ್ನು ಸದ್ದಿಲ್ಲದೆ ನಮ್ಮ ಪಂಗಡಕ್ಕೆ ಹಚ್ಚಿಕೊಂಡಿದ್ದೇವೆ. ಜಗಳ ಶುರುವಾಗುವುದೇ ಅಲ್ಲಿ.

1054ರಲ್ಲಿ ರೋಮ್‌ನ ಪಶ್ಚಿಮ ಸಭೆಯವರು ಮತ್ತು ಕಾನ್‌ಸ್ಟಾಂಟಿನೋಪಲ್‌ನ ಪೂರ್ವ ಸಭೆಯವರು ಪರಸ್ಪರ ಬಹಿಷ್ಕಾರ ಹಾಕಿಕೊಂಡರು. ಪೋಪ್ ಆರನೇ ಪೌಲ್ ಮತ್ತು ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ (ಪ್ರಧಾನ ಧರ್ಮಾಧ್ಯಕ್ಷ) ಅಥೆನಗೋರಸ್ ಆ ಬಹಿಷ್ಕಾರವನ್ನು ಹಿಂತೆಗೆದುಕೊಂಡದ್ದು 1965ರಲ್ಲಿ. ಲೆಕ್ಕ ಹಾಕಿ, 911 ವರ್ಷ! ಇಂದಿಗೂ ಎರಡೂ ಸಭೆಗಳು ಒಂದೇ ಬಲಿಪೀಠದ ಮುಂದೆ ಒಟ್ಟಾಗಿ ಪ್ರಭುಭೋಜನ, ಅಂದರೆ ಯೇಸುವಿನ ನೆನಪಿನ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ, ಆಚರಿಸುವುದಿಲ್ಲ. ಇನ್ನು ಕ್ಯಾಥೋಲಿಕರು ಮತ್ತು ಮಾರ್ಟಿನ್ ಲೂಥರನ ಹಾದಿ ಹಿಡಿದ ಲೂಥರನ್ನರು ಒಡೆದದ್ದಕ್ಕೆ ದೊಡ್ಡ ಕಾರಣ, ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಎಂಬ ಪ್ರಶ್ನೆ. 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇಬ್ಬರೂ ಅದರ ಮೂಲ ಸತ್ಯಗಳ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದರು. ಆದರೂ ಪ್ರಭುಭೋಜನದ ಮೇಜು ಬೇರೆ ಬೇರೆಯೇ. ನಂಬಿಕೆಯ ವಿಷಯದಲ್ಲಿ ಸುಮ್ನೆ ಹೊಂದಿಕೊಂಡು ಹೋಗಲಾಗದು ಅಂತ ನನಗೂ ಗೊತ್ತು. ಆದರೂ ನೋವಾಗುತ್ತದೆ.

ಬೇರೆ ಧರ್ಮದವರ ಜೊತೆ ಮಾತಾಡಿದರೆ ನಂಬಿಕೆ ಸಡಿಲವಾಗುತ್ತದೆ ಎನ್ನುವವರು ಅಪೊಸ್ತಲರ ಕೃತ್ಯಗಳು 17 ಓದಬೇಕು. ಗ್ರೀಸಿನ ಅಥೇನೆಯ (ಅಥೆನ್ಸ್) ತುಂಬ ವಿಗ್ರಹಗಳನ್ನು ಕಂಡು ಅಪೊಸ್ತಲ ಪೌಲನ ಮನಸ್ಸು ಕುದಿದಿತ್ತು. ಆದರೂ ಆ ಊರಿನ ಸಭೆ ಅರಿಯೊಪಾಗದಲ್ಲಿ ಎದ್ದುನಿಂತಾಗ ಬೈಗುಳದಿಂದ ಶುರು ಮಾಡಲಿಲ್ಲ. ಊರೆಲ್ಲ ಸುತ್ತಿ ನೋಡಿದ್ದ, 'ತಿಳಿಯದ ದೇವರಿಗೆ' ಎಂದು ಬರೆದಿದ್ದ ಬಲಿಪೀಠ ಅವನ ಕಣ್ಣಿಗೆ ಬಿದ್ದಿತ್ತು. ಅವರದೇ ಕವಿಗಳ ಮಾತನ್ನು ಎತ್ತಿ ಹೇಳಿದ. ಅಲ್ಲೇ ಒಂದು ಮಾತು ಬರುತ್ತದೆ ನೋಡಿ: ದೇವರಲ್ಲೇ ನಾವು ಜೀವಿಸುತ್ತೇವೆ, ಚಲಿಸುತ್ತೇವೆ. ಆ 'ನಾವು' ಎಂಬುದರೊಳಗೆ ಎದುರಿಗಿದ್ದ ವಿಗ್ರಹಾರಾಧಕರೂ ಇದ್ದರು, ಅಲ್ವಾ?

ಯೇಸು ಸತ್ತು ಎದ್ದ ಪುನರುತ್ಥಾನದ ವಿಷಯವನ್ನೇನೂ ಪೌಲ ಬಚ್ಚಿಡಲಿಲ್ಲ. ಕೇಳಿ ಕೆಲವರು ನಕ್ಕರು. ಇನ್ನು ಕೆಲವರು, ನಿನ್ನ ಮಾತನ್ನು ಇನ್ನೊಮ್ಮೆ ಕೇಳುತ್ತೇವೆ ಎಂದರು.