ಕವರ್ ಮೇಲಿನ ಮುಖ

ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಆಲ್ಬಂ ನಾನು ಮೊದಲು ಕೇಳಿದ್ದು ಫೋನಿನಲ್ಲಿ. ಕವರ್ ಅಂದರೆ ಆಗ ಉಗುರಿನಷ್ಟು ದೊಡ್ಡ ನೀಲಿ ಚೌಕ, ಅಷ್ಟೇ. ಹೋದ ತಿಂಗಳು ಗೆಳೆಯನ ಮನೆಯಲ್ಲಿ ಅದರ ಎಲ್‌ಪಿ ರೆಕಾರ್ಡ್ ಕೈಗೆ ಬಂತು. 12 ಇಂಚಿನ ರಟ್ಟು, ಎರಡೂ ಕೈಯಲ್ಲಿ ಹಿಡಿಯಬೇಕು. ಇಡೀ ಕವರ್ ಮುಸ್ಸಂಜೆಯ ನೀಲಿ. ತಲೆ ತಗ್ಗಿಸಿ, ತುಟಿಯ ಹತ್ತಿರ ಕೈಯಿಟ್ಟು, ಏನನ್ನೋ ಯೋಚಿಸುತ್ತಾ ನಿಂತಿರುವ ಕೋಲ್ಟ್ರೇನ್. ನಮ್ಮನ್ನು ನೋಡಿ ನಗುತ್ತಿಲ್ಲ. ಕ್ಯಾಮೆರಾ ಇದೆ ಅನ್ನೋದೇ ಅವರಿಗೆ ನೆನಪಿದ್ದ ಹಾಗಿಲ್ಲ.

ಆ ಫೋಟೋ ತೆಗೆದವರು ಫ್ರಾನ್ಸಿಸ್ ವುಲ್ಫ್. ಬರ್ಲಿನ್‌ನವರು, 1939ರಲ್ಲಿ ನಾಜಿಗಳ ಕಾಟದಿಂದ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದವರು. ಬಾಲ್ಯದ ಗೆಳೆಯ ಆಲ್‌ಫ್ರೆಡ್ ಲಯನ್ ಅಷ್ಟರಲ್ಲಿ ಅಲ್ಲಿ ಬ್ಲೂ ನೋಟ್ ಅನ್ನೋ ಜಾಝ್ ರೆಕಾರ್ಡ್ ಕಂಪನಿ ಶುರು ಮಾಡಿದ್ದರು. ಐವತ್ತರ ದಶಕದ ರೆಕಾರ್ಡಿಂಗ್ ಹೆಚ್ಚಾಗಿ ನಡೆದದ್ದು ನ್ಯೂಜೆರ್ಸಿಯ ಹ್ಯಾಕೆನ್ಸಾಕ್‌ನಲ್ಲಿ, ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಅಪ್ಪ-ಅಮ್ಮನ ಮನೆಯ ಹಾಲ್‌ನಲ್ಲಿ! ಕಲಾವಿದರು ನುಡಿಸುತ್ತಿರುವಾಗ, ಕೇಳಿಸಿಕೊಳ್ಳುತ್ತಿರುವಾಗ, ಸುಸ್ತಾಗಿ ಕೂತಿರುವಾಗ ವುಲ್ಫ್ ಅಲ್ಲೇ ಓಡಾಡುತ್ತಾ ಫೋಟೋ ತೆಗೆಯುತ್ತಿದ್ದರು.

ನುಡಿಸಿದವರ ಮುಖವನ್ನೇ ಕವರ್ ಮೇಲೆ ಹಾಕಿದ್ದು ಎಷ್ಟು ದೊಡ್ಡ ವಿಷಯ ಅಂತ ತಿಳಿಯಬೇಕಾದರೆ, ‘ಬ್ಲೂ ಟ್ರೇನ್’ ರೆಕಾರ್ಡ್ ಆದ 1957ರಲ್ಲೇ ಬಂದ ಇನ್ನೊಂದು ಕವರ್ ನೋಡಬೇಕು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಮೈಲ್ಸ್ ಅಹೆಡ್’. ಕೊಲಂಬಿಯಾ ಕಂಪನಿ ಅದರ ಮೇಲೆ ಹಾಕಿದ್ದು ಹಾಯಿದೋಣಿಯಲ್ಲಿ ಕೂತ ಬಿಳಿಯ ಹೆಂಗಸು ಮತ್ತು ಮಗುವಿನ ಚಿತ್ರ. ಸಂಗೀತ ಕಪ್ಪು ಮನುಷ್ಯನದು, ಮುಖ ಮಾತ್ರ ಬೇರೆಯವರದು. ಮೈಲ್ಸ್ ಜಗಳ ಮಾಡಿದರು, ಆಮೇಲೆ ಅದು ಬದಲಾಯಿತು. 1961ರಲ್ಲಿ ಅವರ ಇನ್ನೊಂದು ರೆಕಾರ್ಡಿನ ಕವರ್ ಮೇಲೆ ಅವರ ಹೆಂಡತಿ ಫ್ರಾನ್ಸಿಸ್ ಟೇಲರ್ ಅವರ ಮುಖ ಬಂತು. ನನಗಂತೂ ಆ ಕಾಲದ ಕವರ್‌ಗಳ ಚೆಂದ ಬರೀ ಬಣ್ಣ, ಅಕ್ಷರದ್ದಲ್ಲ. ನುಡಿಸಿದವರನ್ನೇ ಮುಂದೆ ನಿಲ್ಲಿಸಿ, ಯೋಚಿಸುವ ಮನುಷ್ಯರಾಗಿ ತೋರಿಸಿದ್ದು ನಿಜವಾದ ಚೆಂದ.

ಅಕ್ಷರದ ಮಾತು ಬಂದರೆ ರೀಡ್ ಮೈಲ್ಸ್ ಹೆಸರು ಹೇಳಲೇಬೇಕು. ಬ್ಲೂ ನೋಟ್‌ಗೆ ಹತ್ತಿರ ಹತ್ತಿರ 500 ಕವರ್ ಮಾಡಿದ ಡಿಸೈನರ್. ಆಶ್ಚರ್ಯ ಅಂದರೆ ಅವರಿಗೆ ಜಾಝ್‌ಗಿಂತ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ ಇಷ್ಟ. ರೆಕಾರ್ಡ್ ಹೇಗಿದೆ ಅಂತ ಲಯನ್ ಬಾಯಲ್ಲಿ ಹೇಳುತ್ತಿದ್ದರು, ಇವರು ಆ ಮಾತು ಕೇಳಿ ಕವರ್ ಮಾಡುತ್ತಿದ್ದರು. ನಾಲ್ಕು ಬಣ್ಣ ಹಾಕಲು ದುಡ್ಡಿಲ್ಲದಿದ್ದರೆ ಕಪ್ಪು-ಬಿಳುಪು ಫೋಟೋ, ಜೊತೆಗೆ ಒಂದೇ ಒಂದು ಬಣ್ಣ. ವುಲ್ಫ್ ಫೋಟೋಗಳನ್ನು ಹಣೆ, ಗಲ್ಲ ಅಂತ ನೋಡದೆ ಕತ್ತರಿಸುತ್ತಿದ್ದರು. ವುಲ್ಫ್‌ಗೆ ಬೇಜಾರಾಗುತ್ತಿತ್ತು, ಪಾಪ. ಆದರೆ ಟ್ರಂಪೆಟ್ ವಾದಕ ಫ್ರೆಡ್ಡಿ ಹಬ್ಬರ್ಡ್ ಅವರ ‘ಹಬ್-ಟೋನ್ಸ್’ ನೋಡಿ. ಸಾಲಾಗಿ ನಿಂತ ಪಟ್ಟಿಗಳು, ಅದರಲ್ಲಿ ಒಂದು ಮಾತ್ರ ಕೆಳಕ್ಕೆ ಜಾರಿದೆ, ಟ್ರಂಪೆಟ್ಟಿನ ಗುಂಡಿ ಒತ್ತಿದ ಹಾಗೆ. ಸ್ಯಾಕ್ಸೋಫೋನ್ ವಾದಕ ಜಾಕಿ ಮೆಕ್ಲೀನ್ ಅವರ ‘ಇಟ್ಸ್ ಟೈಮ್!’ ಕವರ್ ತುಂಬಾ ಬರೀ ಆಶ್ಚರ್ಯಸೂಚಕ ಚಿಹ್ನೆಗಳು. ರೆಕಾರ್ಡ್ ಹಾಕುವ ಮೊದಲೇ ಸದ್ದು ಕಣ್ಣಿಗೆ ಬಿದ್ದಂತೆ ಅಲ್ವಾ?

ಗೆಳೆಯನ ಹತ್ತಿರ ಇನ್ನೊಬ್ಬ ಜಾಝ್ ಕಲಾವಿದ ಎರಿಕ್ ಡಾಲ್ಫಿ ಅವರ ‘ಔಟ್ ಟು ಲಂಚ್’ ಕೂಡ ಇತ್ತು. ಇದರ ಫೋಟೋ ಮಾತ್ರ ರೀಡ್ ಮೈಲ್ಸ್ ಅವರೇ ತೆಗೆದದ್ದು. ಇಲ್ಲಿ ಮುಖವೇ ಇಲ್ಲ. ಅಂಗಡಿಯ ಗಾಜಿಗೆ ನೇತುಹಾಕಿದ ‘ಮತ್ತೆ ಬರುತ್ತೇವೆ’ ಬೋರ್ಡು, ಅದರಲ್ಲೊಂದು ಗಡಿಯಾರ. ಗಡಿಯಾರಕ್ಕೆ ಎರಡಲ್ಲ, ತುಂಬಾ ಮುಳ್ಳುಗಳು, ಒಂದೊಂದು ಒಂದೊಂದು ದಿಕ್ಕಿಗೆ. ಡಾಲ್ಫಿ ಇದನ್ನು ನುಡಿಸಿದ್ದು ಫೆಬ್ರವರಿ 1964ರಲ್ಲಿ. ಜೂನ್‌ನಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡರು. ಆಗ 36 ವರ್ಷ. ರೆಕಾರ್ಡ್ ಅಂಗಡಿಗೆ ಬರುವ ಹೊತ್ತಿಗೆ ಅವರೇ ಇರಲಿಲ್ಲ.

‘ಹಾಕಲಾ?’ ಅಂತ ಗೆಳೆಯ ಕೇಳಿದ. ‘ಸ್ವಲ್ಪ ಇರೋ’ ಅಂದೆ. ಕವರ್ ಇನ್ನೂ ನನ್ನ ಕೈಯಲ್ಲೇ ಇತ್ತು.